ರೋಟೆನೋನ್, ಆಂಟಿಮೈಸಿನ್, ಸಯನೈಡ್ ಮೂರೂ ಮಾಡೋದು ಒಂದೇ ಕೆಲಸಾನಾ?

ಮೈಟೊಕಾಂಡ್ರಿಯಾದಲ್ಲಿ ಕಾಂಪ್ಲೆಕ್ಸ್ 1ರಿಂದ 4 ಅನ್ನೋ ಪ್ರೋಟೀನ್ ಗುಂಪುಗಳ ಸರಪಳಿ (ಎಲೆಕ್ಟ್ರಾನ್ ಚೈನ್) ಇರುತ್ತೆ, ಆಹಾರದಿಂದ ಬಂದ ಎಲೆಕ್ಟ್ರಾನ್ ಅದ್ರಲ್ಲಿ ಸಾಗಿ ಕೊನೆಗೆ ಆಕ್ಸಿಜನ್ ಸೇರುತ್ತೆ. ಈ ಮೂರು ವಿಷಗಳ ಫಲಿತಾಂಶ ಒಂದೇ, ಎಲೆಕ್ಟ್ರಾನ್ ಆಕ್ಸಿಜನ್‌ವರೆಗೆ ತಲುಪಲ್ಲ, ಆದ್ರೆ ತಡೆಯೋ ಜಾಗ ಬೇರೆ ಬೇರೆ. ಒಂದೇ ಕಾಲುವೆಗೆ ಮೂರು ಕಡೆ ಕಲ್ಲು ಅಡ್ಡ ಇಟ್ಟಂಗೆ ಅಂದ್ಕೊಳ್ಳಿ, ಕಲ್ಲಿನ ಮೇಲ್ಗಡೆ ನೀರು ತುಂಬ್ಕೊಳ್ಳುತ್ತೆ, ಕೆಳಗಡೆ ಒಣಗುತ್ತೆ.

ರೋಟೆನೋನ್ (ಡೆರಿಸ್ ಬೇರಿಂದ ಬರೋದು, ಮೀನು ಹಿಡಿಯೋಕೆ ಬಳಸ್ತಿದ್ರು) ಕಾಂಪ್ಲೆಕ್ಸ್ 1ರಲ್ಲಿ ಯುಬಿಕ್ವಿನೋನ್ (ಎಲೆಕ್ಟ್ರಾನನ್ನ ಕಾಂಪ್ಲೆಕ್ಸ್ 3ಕ್ಕೆ ಹೊತ್ತೊಯ್ಯೋ ಅಣು) ಕೂರೋ ಜಾಗಕ್ಕೆ ಅಡ್ಡ ಬರುತ್ತೆ, ಹಾಗಾಗಿ ಅಲ್ಲಿಗೆ ಎಲೆಕ್ಟ್ರಾನ್ ತರೋ ಎನ್‌ಎಡಿಎಚ್ ಖರ್ಚಾಗದೆ ಹಾಗೇ ಉಳಿಯುತ್ತೆ. ಆದ್ರೆ ಸಕ್ಸಿನೇಟ್ (ಎಲೆಕ್ಟ್ರಾನ್ ಕೊಡೋ ಇನ್ನೊಂದು ಅಣು) ಹಾಕಿದ್ರೆ ಅದರ ಎಲೆಕ್ಟ್ರಾನ್ ಕಾಂಪ್ಲೆಕ್ಸ್ 2ರ ಕಡೆಯಿಂದ ಒಳಗೆ ಬರೋದ್ರಿಂದ ಮೈಟೊಕಾಂಡ್ರಿಯಾದ ಆಕ್ಸಿಜನ್ ಬಳಕೆ (ಉಸಿರಾಟ) ಮತ್ತೆ ಶುರು, ಎಕ್ಸಾಮಲ್ಲಿ ಕೇಳೋದೂ ಇದನ್ನೇ. ಆಂಟಿಮೈಸಿನ್ ಎ ಹತ್ರ ಈ ಉಪಾಯ ನಡೆಯಲ್ಲ, ಅದು ಕೂರೋದು ಕಾಂಪ್ಲೆಕ್ಸ್ 3ರಲ್ಲಿ, ಎರಡೂ ದಾರಿ ಅಲ್ಲಿಂದಾನೇ ಹೋಗ್ಬೇಕು. ದ್ರಾಕ್ಷಿ ತೋಟಕ್ಕೆ ಹೊಡೆಯೋ ಅಜಾಕ್ಸಿಸ್ಟ್ರೋಬಿನ್ ಕೂಡ ಬೂಷ್ಟಿನ ಕಾಂಪ್ಲೆಕ್ಸ್ 3ನ್ನೇ ತಡೆಯೋದು, ಜಾಗ ಮಾತ್ರ ಆಚೆ ಬದಿ.

ಸಯನೈಡ್ ಕೊನೇ ಬಾಗಿಲು, ಕಾಂಪ್ಲೆಕ್ಸ್ 4ರ ಹೀಮ್ ಎ3 ಅನ್ನೋ ಭಾಗದಲ್ಲಿರೋ ಫೆರಿಕ್ (Fe3+) ಕಬ್ಬಿಣಕ್ಕೆ ಅಂಟ್ಕೊಳ್ಳುತ್ತೆ. ರಕ್ತದಲ್ಲಿ ಆಕ್ಸಿಜನ್ ಇರುತ್ತೆ, ಜೀವಕೋಶಕ್ಕೆ ಬಳಸೋಕಾಗಲ್ಲ, ಅದಕ್ಕೇ ಸಿರೆ ರಕ್ತಾನೂ ಕೆಂಪಗೆ ಕಾಣ್ಬಹುದು. ಸಯನೈಡ್ ವಿಷಕ್ಕೆ ಮದ್ದಾಗಿ ಹೈಡ್ರಾಕ್ಸೊಕೋಬಾಲಮಿನ್ ಕೊಡೋದು ಅದರಲ್ಲಿರೋ ಕೋಬಾಲ್ಟ್ ಸಯನೈಡನ್ನ ಹಿಡ್ಕೊಳ್ಳುತ್ತೆ ಅಂತ.

ಆಲಿಗೊಮೈಸಿನ್ನನ್ನ ಈ ಪಟ್ಟಿಗೆ ಸೇರಿಸ್ಬೇಡಿ, ಅದು ತಡೆಯೋದು ಎಟಿಪಿ (ಜೀವಕೋಶದ ಶಕ್ತಿ ಅಣು) ತಯಾರಿಸೋ ಎಟಿಪಿ ಸಿಂಥೇಸನ್ನ, ಚೈನ್ ಆಚೆ ಪಂಪ್ ಮಾಡಿದ ಪ್ರೋಟಾನ್ ಅದರ ಮೂಲಕ ವಾಪಸ್ ಬರೋಕಾಗದೆ ಒತ್ತಡ ಜಾಸ್ತಿಯಾಗಿ ಚೈನ್ ತಾನಾಗೇ ನಿಧಾನ ಆಗುತ್ತೆ. ಆಗ ಡಿಎನ್‌ಪಿ (ಪ್ರೋಟಾನನ್ನ ಬೇರೆ ದಾರೀಲಿ ಒಳಗೆ ಸೋರಿಸೋ ರಾಸಾಯನಿಕ) ಹಾಕಿದ್ರೆ ಆಕ್ಸಿಜನ್ ಬಳಕೆ ವಾಪಸ್ ಬರುತ್ತೆ, ಎಟಿಪಿ ಬರಲ್ಲ, ಬಿಸಿ ಅಷ್ಟೇ.