ಅಜ್ಜಿಯ ಬೊಜ್ಜಕ್ಕೆ (ಉತ್ತರಕ್ರಿಯೆಗೆ) ನುಡಿನಮನ ಬರೆಯಬೇಕು, ಇಡೀ ಬದುಕನ್ನು ಒಂದು ಪುಟದಲ್ಲಿ ಹೇಗೆ ಹೇಳೋದು?

ಒಳ್ಳೆಯ ಹೆಂಡತಿ, ಒಳ್ಳೆಯ ತಾಯಿ, ಒಳ್ಳೆಯ ಅಜ್ಜಿ ಅಂತ ಮೂರು ಭಾಗ ಮಾಡಲಾ ಅಂತ ಕೇಳಿದ್ದೀರಿ. ಬೇಡ. ಅಮ್ಮನ ಬೊಜ್ಜಕ್ಕೆ ನಾನು ಹಾಗೇ ಬರೆದೆ. ಹೆಸರು ಬದಲಿಸಿದರೆ ಊರಿನ ಯಾವ ಹೆಂಗಸಿಗೂ ಅದು ಸರಿಹೋಗುತ್ತಿತ್ತು.

ನಮ್ಮ ಮನೆ ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದರು. ಮನೆ ನಡೆದದ್ದು ಅಮ್ಮನ ಮಲ್ಲಿಗೆಯಿಂದ. ಬೆಳಿಗ್ಗೆ ಬೇಗ ಮೊಗ್ಗು ಕೊಯ್ದು, ಬಾಳೆನಾರು ನೆನೆಸಿ, ಜಗಲಿಯಲ್ಲಿ ಕಾಲು ಚಾಚಿ ಕಟ್ಟಲು ಕೂರುತ್ತಿದ್ದಳು. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಹೊತ್ತಿಗೆ ಸರಿಯಾಗಿ ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಶಾಲೆಗೆ ಹೊರಡುವ ಮೊದಲು ನಮಗೂ ಒಂದಿಷ್ಟು ಕಟ್ಟುವ ಡ್ಯೂಟಿ.

ಆ ಲೆಕ್ಕವನ್ನೆಲ್ಲ ಅಮ್ಮ ಗೋಡೆ ಕ್ಯಾಲೆಂಡರಿನ ಚೌಕಗಳಲ್ಲೇ ಬರೆಯುತ್ತಿದ್ದಳು. ವರ್ಷ ಮುಗಿದ ಮೇಲೆ ಸುರುಳಿ ಸುತ್ತಿ ಅಟ್ಟಕ್ಕೆ ಹಾಕುತ್ತಿದ್ದಳು. ಬೊಜ್ಜಕ್ಕೆ ನೆಂಟರು ಬರುತ್ತಾರೆ, ಮನೆ ಚೊಕ್ಕ ಮಾಡಬೇಕು ಅಂತ ನಾನು ಅಟ್ಟ ಖಾಲಿ ಮಾಡಿಸಿದೆ. ಹಳೆ ಪೇಪರಿನ ಜೊತೆ ಕ್ಯಾಲೆಂಡರಿನ ಕಟ್ಟೂ ಗುಜರಿಗೆ ಹೋಯಿತು. ಒಂದನ್ನೂ ಬಿಚ್ಚಿ ನೋಡಲಿಲ್ಲ. ಹಳೆ ಹೂವಿನ ರೇಟು ಇನ್ನು ಯಾರಿಗೆ ಬೇಕು ಅನ್ನಿಸಿತು. "ಅದು ಇರಲಿ ಮಾರಾಯ" ಅಂತ ಅಕ್ಕ ಹೇಳಿದ್ದಳು ಕೂಡ. ಆಗಲೇ ಶಾಮಿಯಾನದವನ ಫೋನು ಬಂತು, ನಾನು ಅತ್ತ ತಿರುಗಿದೆ. ಗುಜರಿಯವನು ತೂಕ ಹಾಕಿ ದುಡ್ಡು ಕೊಟ್ಟ, ಅದನ್ನೂ ಎಣಿಸಿ ಕಿಸೆಗೆ ಹಾಕಿಕೊಂಡೆ ನೋಡಿ.

ಆಮೇಲೆ ಅಡುಗೆಮನೆ ಕಪಾಟಿಗೆ ಹಾಸಿದ್ದ ಒಂದು ಹಾಳೆ ಸಿಕ್ಕಿತು. 1994ರ ಜೂನ್. ಎಣ್ಣೆ ಕಲೆಯ ನಡುವೆ ಅಮ್ಮನ ಸಣ್ಣ ಅಕ್ಷರ: "ಮಳೆ, ಹೂ ಕಮ್ಮಿ. 3 ಚೆಂಡು." "ಸಣ್ಣವನಿಗೆ ಜ್ವರ, ಕೊಯ್ಯಲಿಲ್ಲ." "ಕಟೀಲಿಗೆ 1 ಚೆಂಡು, ಹೇಳಿಕೊಂಡದ್ದು." ಕೆಳಗೆ, "ಇವರ ಮನಿಯಾರ್ಡರ್ ಬರಲಿಲ್ಲ." ಅಪ್ಪ ಅದನ್ನು ಓದಿ, "ಆ ತಿಂಗಳು ನನ್ನ ಕೆಲಸ ಹೋಗಿತ್ತು. ನಾನು ಹೇಳಲಿಲ್ಲ, ಅವಳೂ ಕೇಳಲಿಲ್ಲ" ಅಂದರು. ಕಟೀಲಿನ ದೇವಿಗೆ ಹೇಳಿಕೊಂಡ ಆ ಹರಕೆ ಯಾವುದಕ್ಕೆ ಅಂತ ಈಗ ಹೇಳುವವರು ಯಾರೂ ಇಲ್ಲ. ಗುಜರಿ ಅಂಗಡಿಗೆ ಓಡಿದೆ, ಲೋಡು ಹೋಗಿಯಾಗಿತ್ತು. ತಾನು ರಜೆಗೆ ಬಂದ ದಿನಕ್ಕೆಲ್ಲ ಅಜ್ಜಿ ಕೆಂಪು ಗೀಟು ಹಾಕುತ್ತಿದ್ದರು ಅಂತ ಮಗಳು ಹೇಳುತ್ತಾಳೆ. ಆ ಕ್ಯಾಲೆಂಡರುಗಳೂ ಅದೇ ಕಟ್ಟಿನಲ್ಲಿದ್ದವು.

ಹಾಗಾಗಿ ಬರೆಯುವ ಮಾತು ಆಮೇಲೆ. ಮೊದಲು ಅಜ್ಜಿಯ ಕಪಾಟಿಗೆ ಯಾರೂ ಕೈ ಹಾಕದ ಹಾಗೆ ನೋಡಿಕೊಳ್ಳಿ. ಸೊಸೈಟಿ ಪಾಸ್‌ಬುಕ್, ಬೀಡಿ ಕಟ್ಟಿದವರಾದರೆ ಬೀಡಿ ಬ್ರಾಂಚಿನ ಪುಸ್ತಕ, ಗೇಣಿ ಮನೆಯಾದರೆ ಭೂಸುಧಾರಣೆಯಲ್ಲಿ ಜಮೀನಿಗಾಗಿ ಕೊಟ್ಟ 1974ರ ನಂತರದ ಡಿಕ್ಲರೇಶನ್ ಕಾಗದ, ಔಷಧಿ ಚೀಟಿ, ಎಲ್ಲಾ ಬೇಕು. ಮನೆಯವರನ್ನು ಜಾಸ್ತಿ ಕೇಳಬೇಡಿ. "ಪಾಪ, ತುಂಬಾ ಒಳ್ಳೆಯವರು" ಅನ್ನುವುದು ಬಿಟ್ಟು ಬೇರೆ ಬರಲ್ಲ. ಜೊತೆಗೆ ಕೆಲಸ ಮಾಡಿದವರನ್ನು, ಬಾವಿಕಟ್ಟೆಯಲ್ಲಿ ಜಗಳ ಆಡಿದ ನೆರೆಮನೆಯವರನ್ನು ಕೇಳಿ. ಅಜ್ಜ ಇದ್ದರೆ ಅವರೊಬ್ಬರೇ ಇರುವಾಗ ಹೋಗಿ ಕೂತುಕೊಳ್ಳಿ.

ತ್ಯಾಗಮಯಿ, ಸಹನಾಮೂರ್ತಿ ಎಲ್ಲ ಕಾರ್ಡು ಪ್ರಿಂಟ್ ಮಾಡುವವನ ಹತ್ತಿರ ರೆಡಿ ಇರುತ್ತೆ, ನೀವು ಬರೆಯಬೇಡಿ. ಇಡೀ ಬದುಕು ಯಾರ ಪುಟದಲ್ಲೂ ಹಿಡಿಯಲ್ಲ. ಒಂದೆರಡು ದಿನ ಸರಿಯಾಗಿ ಬಂದರೆ ಸಾಕು. ಮತ್ತೆ, ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಮೈಕ್ ಹಿಡಿಯಬೇಡಿ, ಯಾರೂ ಕೇಳಲ್ಲ.