ಕಿತ್ತಳೆ ಹಣ್ಣಿಗೆ ತೂತು ಮಾಡುವ ಪತಂಗ ಯಾವುದು? ಮರಕ್ಕೆ ಯಾವ ಔಷಧಿ ಹೊಡೆಯಬೇಕು?

ಕೊಡಗಿನ ಸುಂಟಿಕೊಪ್ಪದ ಹತ್ತಿರ ಕಾಫಿ ನಡುವೆ ಕಿತ್ತಳೆ ಇದೆ, ಬಣ್ಣ ತಿರುಗಿದ ಹಣ್ಣು ಉದುರುತ್ತಿದೆ, ಒಂದೊಂದರಲ್ಲೂ ಸೂಜಿ ಚುಚ್ಚಿದಂಥ ತೂತು, ರಾತ್ರಿ ಟಾರ್ಚ್ ಬಿಟ್ಟರೆ ದೊಡ್ಡ ಪತಂಗ ಕಾಣುತ್ತೆ ಅಂತ ಬರೆದಿದ್ದೀರಿ. ಮರಕ್ಕೆ ಏನೂ ಹೊಡೆಯಬೇಡಿ. ದುಡ್ಡು ದಂಡ. ನಮ್ಮದೂ ಸಿದ್ದಾಪುರ ಕಡೆ ಚಿಕ್ಕ ತೋಟ, ಈ ಕಾಟ ನಮಗೂ ಇದೆ.

ಮೊದಲು ಇದು ಹಣ್ಣುನೊಣ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆಗಷ್ಟೇ ಬಿದ್ದ ಹಣ್ಣನ್ನು ಮೆಲ್ಲಗೆ ಒತ್ತಿ. ತೂತಿನಿಂದ ರಸ ಚಿಮ್ಮಿ, ಸುಲಿದಾಗ ಒಳಗೆ ಹುಳ ಇಲ್ಲದಿದ್ದರೆ ಅದು ಪತಂಗದ್ದೇ ಕೆಲಸ. ತೊಳೆಯೊಳಗೆ ಬಿಳಿ ಹುಳ ಇದ್ದರೆ ನೊಣ.

ಇದರ ಹೆಸರು ಹಣ್ಣಿನ ರಸ ಹೀರುವ ಪತಂಗ, ಯುಡೊಸಿಮಾ ಕುಲದ್ದು. ಮುಂದಿನ ರೆಕ್ಕೆ ಥೇಟ್ ಒಣಗಿದ ತರಗೆಲೆ. ಹಗಲು ಕಾಫಿ ಗಿಡದಲ್ಲಿ ಕೂತರೆ ಪಕ್ಕದಲ್ಲಿ ನಿಂತರೂ ಗೊತ್ತಾಗಲ್ಲ. ರೆಕ್ಕೆ ಬಿಚ್ಚಿದರೆ ಮಾತ್ರ ಹಿಂದಿನ ಜೋಡಿ ಕಡು ಕಿತ್ತಳೆ ಬಣ್ಣ. ಅದರ ನಡುವೆ ದುಂಡನೆ ಕಪ್ಪು ಬೊಟ್ಟು ಇದ್ದರೆ ಯುಡೊಸಿಮಾ ಮೆಟರ್ನಾ, ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1767ರಲ್ಲೇ ಹೆಸರಿಟ್ಟದ್ದು. ಬೊಟ್ಟಿನ ಬದಲು ಬಾಗಿದ ಕಪ್ಪು ಪಟ್ಟೆ ಇದ್ದರೆ ಯುಡೊಸಿಮಾ ಫಲೋನಿಯಾ. ರೆಕ್ಕೆ ಬಿಚ್ಚಿದಾಗ ಎರಡೂ ಅಂಗೈಯಗಲ ಇರುತ್ತವೆ. ಇಷ್ಟು ಚಂದದ ಪತಂಗ ನಮ್ಮ ತೋಟದಲ್ಲೇ ಇದ್ದರೂ ಹೆಸರು ಗೊತ್ತಿರುವವರು ಕಡಿಮೆ.

ಬೇರೆ ಪತಂಗಗಳ ಸೊಂಡಿಲು ಮೆತ್ತಗೆ, ಹೂವಿನ ಮಕರಂದಕ್ಕಷ್ಟೇ ಸಾಕು. ಇದರ ಸೊಂಡಿಲಿನ ತುದಿ ಗಟ್ಟಿ, ಮೇಲೆ ಮುಳ್ಳುಮುಳ್ಳು. ಸಿಪ್ಪೆ ಸೀಳಿಕೊಂಡು ನೇರ ತೊಳೆಯೊಳಗೆ ಹೋಗುತ್ತೆ. ಕುಡಿಯುವ ರಸ ಎಷ್ಟು ಮಹಾ? ಆಮೇಲೆ ಆ ತೂತಿನಿಂದ ಬೂಷ್ಟು ಒಳಗೆ ಸೇರುತ್ತಲ್ಲ, ಅಸಲು ನಷ್ಟ ಅದರಿಂದ. ಸುತ್ತ ಕಂದು ಕಲೆ ಬಂದು ಕೊಳೆತು ಹಣ್ಣು ಉದುರುತ್ತೆ. ಸ್ವಂತವಾಗಿ ಚುಚ್ಚಲಾಗದ ಇನ್ನೊಂದಷ್ಟು ಪತಂಗಗಳೂ ಅದೇ ತೂತಿಗೆ ಬಂದು ಕೂರುತ್ತವೆ.

ಈಗ ಔಷಧಿ ವಿಷಯ. ಇದರ ಮರಿಹುಳ ಕಿತ್ತಳೆ ಎಲೆ ಮುಟ್ಟುವುದೇ ಇಲ್ಲ. ಅದು ಬೆಳೆಯೋದು ಅಮೃತಬಳ್ಳಿ, ದಾಗಡಿ ಬಳ್ಳಿಯಂಥ ಕಾಡುಬಳ್ಳಿಗಳ ಮೇಲೆ. ಮೈಯ ಪಕ್ಕದಲ್ಲಿ ಕಣ್ಣಿನಂಥ ಗುರುತಿರುವ, ತಲೆ ಮಡಚಿ ಕೂರುವ ಹುಳ ಬಳ್ಳಿಯಲ್ಲಿ ಕಂಡರೆ ಅದೇ. ದೊಡ್ಡ ಪತಂಗ ಕತ್ತಲಾದ ಮೇಲೆ ಹೊರಗಿನಿಂದ ಹಾರಿ ಬಂದು, ಕುಡಿದು ಹೋಗುತ್ತೆ. ಹಾಗಾಗಿ ಮರಕ್ಕೆ ಹೊಡೆದ ವಿಷ ಅದಕ್ಕಿಂತ ಜಾಸ್ತಿ ಜೇನಿಗೆ ತಾಗುತ್ತೆ. ಕೊರೋನಾ ಕಾಲದಲ್ಲಿ ಕಷಾಯಕ್ಕೆ ಅಂತ ಮನೆಮನೆಯಲ್ಲೂ ಅಮೃತಬಳ್ಳಿ ಹಬ್ಬಿಸಿದರು, ಅಲ್ವಾ? ಕಿತ್ತಳೆ ಪಕ್ಕದ ಬೇಲಿಯಲ್ಲಿದ್ದರೆ ತೆಗೆಯಿರಿ. ಕಾಡಿನಂಚಿನ ಬಳ್ಳಿ ಪೂರ್ತಿ ಕೀಳುತ್ತೇನೆ ಅಂತ ಹೊರಡಬೇಡಿ, ಮುಗಿಯುವ ಕೆಲಸ ಅಲ್ಲ.

ನಮ್ಮಲ್ಲಿ ಉಪಯೋಗಕ್ಕೆ ಬಂದದ್ದು ಬಿದ್ದ ಹಣ್ಣನ್ನು ದಿನಾ ಆರಿಸಿ ಹೂಳುವುದು. ಕೊಳೆತ ಹಣ್ಣಿನ ವಾಸನೆಗೇ ಇವು ಇನ್ನೂ ಬರುತ್ತವೆ. ಆಳು ಸಿಗದಿದ್ದರೆ ನೀವೇ ಬುಟ್ಟಿ ಹಿಡಿಯಬೇಕು. ಕತ್ತಲಾದ ಮೇಲೆ ಟಾರ್ಚ್ ಬಿಟ್ಟರೆ ಹಣ್ಣಿನ ಮೇಲೆ ಕೂತ ಪತಂಗದ ಕಣ್ಣು ಕೆಂಡದಂತೆ ಹೊಳೆಯುತ್ತೆ, ಬಲೆಯಲ್ಲಿ ಹಿಡಿಯಬಹುದು. ಮನೆ ಹತ್ತಿರದ ನಾಲ್ಕಾರು ಮರಕ್ಕೆ ಹಣ್ಣಿಗೆ ಚೀಲ ಕಟ್ಟಿ. ಪೇಪರ್ ಚೀಲ ನಮ್ಮ ಮಳೆಗೆ ಮುದ್ದೆ ಆಗುತ್ತೆ, ತಳದಲ್ಲಿ ತೂತಿರುವ ಪ್ಲಾಸ್ಟಿಕ್ ಚೀಲವೇ ವಾಸಿ. ಸಂಜೆ ಹೊಗೆ ಹಾಕುವುದೂ ಹಳೆಯ ಉಪಾಯ, ಜೋರು ಮಳೆಯಲ್ಲಿ ಕಷ್ಟ. ಜಪಾನಿನಲ್ಲಿ ಹಣ್ಣಿನ ತೋಟಕ್ಕೆ ರಾತ್ರಿಯಿಡೀ ಹಳದಿ ದೀಪ ಹಾಕಿ ಇವನ್ನು ತಡೆಯುತ್ತಾರೆ. ನಮ್ಮ ಮಳೆಗಾಲದ ಕರೆಂಟ್ ನಂಬಿಕೊಂಡು ಅದನ್ನು ಮಾಡೋಕಾಗುತ್ತಾ!

ಮನುಷ್ಯರಿಗೂ ಚುಚ್ಚುತ್ತಾ ಅಂತ ಕೇಳಿದ್ದೀರಿ. ಇದು ಚುಚ್ಚಲ್ಲ. ಇದರ ಹತ್ತಿರದ ನೆಂಟ ಕ್ಯಾಲಿಪ್ಟ್ರಾದ ಕೆಲವು ಜಾತಿಗಳಲ್ಲಿ ಗಂಡು ಪತಂಗ ಎಮ್ಮೆಯಂಥ ಪ್ರಾಣಿಗಳ ಚರ್ಮ ಚುಚ್ಚಿ ರಕ್ತ ಕುಡಿಯುತ್ತೆ. ಅದು ಬೇರೆ ಕಥೆ.

ಕಿತ್ತಳೆ ಮರವೇ ಹಳದಿ ಆಗಿ ಒಣಗುತ್ತಿದ್ದರೆ ಮಾತ್ರ ಪತಂಗದ ಮೇಲೆ ಹಾಕಬೇಡಿ. ಅದು ಬ್ಯಾಕ್ಟೀರಿಯಾದಿಂದ ಬರುವ ಗ್ರೀನಿಂಗ್ ರೋಗ ಇರಬಹುದು. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರಕ್ಕೆ ರೆಂಬೆ ಸಮೇತ ಎಲೆ ತೆಗೆದುಕೊಂಡು ಹೋಗಿ ತೋರಿಸಿ.