ಮೂರು ಜನರ ಚಟ್ನಿಪುಡಿ ವ್ಯಾಪಾರಕ್ಕೆ ಯಾವ ಸಾಫ್ಟ್‌ವೇರ್?

ಧಾರವಾಡದಲ್ಲಿ ಮೂರು ಜನ ಸೇರಿ ಚಟ್ನಿಪುಡಿ ಮಾಡಿ ಅಂಗಡಿಗಳಿಗೆ ಹಾಕುತ್ತೀರಿ; ಬಿಲ್, ಸ್ಟಾಕ್, ಬಾಕಿ ಲೆಕ್ಕಕ್ಕೆ ತಿಂಗಳಿಗೆ ಸಾವಿರದೊಳಗೆ ಏನು ತೆಗೆದುಕೊಳ್ಳಲಿ ಅಂತ ಕೇಳಿದ್ದೀರಿ. ಮೊದಲು ನಿಮ್ಮ ಆಡಿಟರ್‌ಗೆ ಒಂದು ಫೋನ್ ಮಾಡಿ. ಅವರು ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಬಳಸುವವರಾದರೆ, ನಿಮ್ಮ ಡೇಟಾ ಅದಕ್ಕೆ ಹೋಗುವಂತಿರಬೇಕು, ಇಲ್ಲದಿದ್ದರೆ ಅವರ ಆಫೀಸಿನವರು ಎಲ್ಲ ಬಿಲ್ಲನ್ನೂ ಮತ್ತೆ ಟೈಪ್ ಮಾಡಿ ಅದಕ್ಕೂ ದುಡ್ಡು ಕೇಳುತ್ತಾರೆ.

ಬರೀ ಬಿಲ್ ಸಾಕಾದರೆ ಜೋಹೊ ಇನ್‌ವಾಯ್ಸ್ ಉಚಿತ, ಜಿಎಸ್‌ಟಿ ಬಿಲ್ಲೂ ಮಾಡಬಹುದು. ಆದರೆ ನಿಮಗೆ ಸ್ಟಾಕೂ ಬೇಕು, ಲೈನಿಗೆ ಹೋದ ಹುಡುಗ ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲೂ ಬಿಲ್ ಹಾಕಬೇಕು ಅಲ್ವಾ? ಹಾಗಿದ್ದರೆ ಇಂಟರ್ನೆಟ್ ಇಲ್ಲದೆಯೂ ನಡೆಯುವ ವ್ಯಾಪಾರ್ ಥರದ ಆಪ್ ನೋಡಿ. ನನ್ನ ಓಟು ಅದಕ್ಕೇ.

ರೇಟ್ ನೋಡುವಾಗ ಹುಷಾರು. 'ತಿಂಗಳಿಗೆ ಇಷ್ಟು' ಅಂತ ಹಾಕಿದ್ದು ಎಷ್ಟೋ ಸಲ ಒಬ್ಬ ಬಳಕೆದಾರರಿಗೆ, ಅದೂ ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಮಾತ್ರ. ಮೇಲೆ 18% ಜಿಎಸ್‌ಟಿ. ನೀವು ಕಾಂಪೊಸಿಷನ್ ಸ್ಕೀಮಿನಲ್ಲಿದ್ದರೆ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಇಷ್ಟು ಶೇಕಡಾ ಅಂತ ಜಿಎಸ್‌ಟಿ ಕಟ್ಟುವ ಪದ್ಧತಿ) ಆ ತೆರಿಗೆ ವಾಪಸ್ ಸಿಗುವುದಿಲ್ಲ. ಇ-ಇನ್‌ವಾಯ್ಸ್ (ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವುದು) ಇದೆ ಅಂತ ದೊಡ್ಡ ಪ್ಲಾನ್ ಮಾರುತ್ತಾರೆ, ವಹಿವಾಟು 5 ಕೋಟಿ ದಾಟದಿದ್ದರೆ ಅದು ಸುಮ್ನೆ ಖರ್ಚು.

ದುಡ್ಡು ಕಟ್ಟುವ ಮೊದಲು ಟ್ರಯಲ್‌ನಲ್ಲೇ ಹತ್ತಿಪ್ಪತ್ತು ಬಿಲ್ ಹಾಕಿ ಎಕ್ಸೆಲ್‌ಗೆ ಇಳಿಸಿ ನೋಡಿ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಕೊನೇ ದಿನದಿಂದ 72 ತಿಂಗಳು ಇಡಬೇಕು, ಅಷ್ಟು ದಿನ ಅದೇ ಕಂಪನಿಗೆ ದುಡ್ಡು ಕಟ್ಟುತ್ತಿರುತ್ತೀರೋ ಇಲ್ಲವೋ, ಅದಕ್ಕೇ ಡೇಟಾ ಹೊರಗೆ ತೆಗೆಯಲು ಬರಬೇಕು. ಅಕೌಂಟನ್ನು ಮಾತ್ರ ಹುಡುಗನ ನಂಬರಿನಲ್ಲಿ ತೆರೆಯಬೇಡಿ, ನಿಮ್ಮ ವ್ಯಾಪಾರದ್ದೇ ಒಂದು ಸಿಮ್, ಒಂದು ಇಮೇಲ್ ಇರಲಿ.